ಲೆಕ್ಕಕ್ಕೆ ಸಿಗದ ಕೆಲಸಗಳು: ನುಗ್ಗೇಹಳ್ಳಿ ಸೀಮೆಯ ಗಣಿಗಳು ಮತ್ತು ಪ್ರಾದೇಶಿಕ ನಿರುದ್ಯೋಗ



ನಿರುದ್ಯೋಗದ ಬಗ್ಗೆ ಉಪನ್ಯಾಸವೆಂದರೆ ಕೋಲಾರದ ಚಿನ್ನದ ಗಣಿ, ಭದ್ರಾವತಿಯ ಉಕ್ಕಿನ ಕಾರ್ಖಾನೆ, ಬೆಂಗಳೂರಿನ ಎನ್‌ಜಿಇಎಫ್, ತುಮಕೂರಿನ ಎಚ್‌ಎಂಟಿ ಇವೇ ಬರುತ್ತವೆ ಎಂದು ನೀವು ಅಂದುಕೊಂಡಿರಬಹುದು. ಕೋಲಾರದ ಮಾತೂ ಬರುತ್ತದೆ. ಆದರೆ ಹಾಸನ ಜಿಲ್ಲೆಯ ಈ ನುಗ್ಗೇಹಳ್ಳಿಗೆ ಬಂದು ನುಗ್ಗೇಹಳ್ಳಿಯ ನೆಲವನ್ನು ಬಿಟ್ಟು ಮಾತನಾಡುವುದು ನನಗೆ ಸರಿಕಾಣಲಿಲ್ಲ. ಈ ನೆಲದ ಕೆಳಗೆ ಒಂದು ಕೈಗಾರಿಕೆ ಹುಟ್ಟಿ, ಬೆಳೆದು, ನಿಂತುಹೋಗಿದೆ. ಅದು ನಿಂತಾಗ ಎಷ್ಟು ಮಂದಿಯ ಕೆಲಸ ಹೋಯಿತು ಎಂಬುದು ಸರ್ಕಾರದ ಯಾವ ನಿರುದ್ಯೋಗದ ಅಂಕಿಯಲ್ಲೂ ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲ ಎಂಬುದೇ ಇವತ್ತಿನ ನನ್ನ ವಿಷಯ.

ಹೊರಗಿನವರಿಗೆ ಈ ಊರು ಗೊತ್ತಿರುವುದು ಲಕ್ಷ್ಮೀನರಸಿಂಹ ದೇವಾಲಯದಿಂದ. 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಗುಡಿ. ಭೂವಿಜ್ಞಾನಿಗಳಿಗೆ ಮಾತ್ರ ಇದೇ ಹೆಸರು ಬೇರೆ ಕಾರಣಕ್ಕೆ ಪರಿಚಿತ. ಅರಸೀಕೆರೆಯ ಕಡೆಯಿಂದ ದಕ್ಷಿಣಕ್ಕೆ ಕೆಂಪಿನಕೋಟೆಯವರೆಗೆ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ, ಅಗಲದಲ್ಲಿ ಒಂದೆರಡು ಕಿಲೋಮೀಟರನ್ನು ಮೀರದೆ ಹಾದುಹೋಗುವ ಕಲ್ಲಿನ ಪಟ್ಟಿಯೊಂದಿದೆ. ಅದಕ್ಕೆ ಅವರು ಇಟ್ಟಿರುವ ಹೆಸರು ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ. ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಶಿಲೆಗಳು. ಆ ಪಟ್ಟಿಯಲ್ಲಿ ಕ್ರೋಮೈಟ್ ಇದೆ, ವನಾಡಿಯಂ ಬೆರೆತ ಮ್ಯಾಗ್ನೆಟೈಟ್ ಇದೆ, ಕೆಂಪಿನಕೋಟೆಯಲ್ಲಿ ಹಿಂದಿನವರು ಚಿನ್ನಕ್ಕಾಗಿ ಅಗೆದ ಗುಂಡಿಗಳಿವೆ. ಭೈರಾಪುರ, ಜಂಬೂರು, ತಗಡೂರು, ಭಕ್ತರಹಳ್ಳಿ ಇವೆಲ್ಲ ನಿಮಗೆ ನೆಂಟರಿರುವ ಊರುಗಳು. ಗಣಿ ವಿಜ್ಞಾನದ ಪತ್ರಿಕೆಗಳಲ್ಲಿ ಇವು ಕ್ರೋಮೈಟ್ ಗಣಿಗಳ ಹೆಸರುಗಳು.

ಕ್ರೋಮೈಟ್ ಎಂದರೆ ತೂಕವಾದ ಕಪ್ಪು ಕಲ್ಲು. ಅದನ್ನು ಕರಗಿಸಿ ಮಾಡುವ ಫೆರೋಕ್ರೋಮ್ ಇಲ್ಲದೆ ಸ್ಟೇನ್‌ಲೆಸ್ ಸ್ಟೀಲ್ ಇಲ್ಲ. ಕುಲುಮೆಗಳ ಒಳಮೈಗೆ ಕಟ್ಟುವ ಇಟ್ಟಿಗೆಗೂ, ಚರ್ಮ ಹದಮಾಡುವ ರಾಸಾಯನಿಕಕ್ಕೂ ಅದೇ ಬೇಕು. 1966ರಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಮೈಸೂರು ಮಿನರಲ್ಸ್ ಲಿಮಿಟೆಡ್ ಈ ಸೀಮೆಯ ಕ್ರೋಮೈಟ್ ಗಣಿಗಳನ್ನು ನಡೆಸಿತು. ಭೈರಾಪುರದ್ದು ನೆಲದಡಿಯ ಗಣಿ. ಅದಿರು ಇಲ್ಲಿ ಹಾಸಾಗಿ ಹರಡಿಕೊಂಡಿಲ್ಲ. ಹಸಿರು ಬಣ್ಣದ, ಕೈಗೆ ನುಣುಪಾಗಿ ಹತ್ತುವ ಸರ್ಪೆಂಟೀನ್ ಕಲ್ಲಿನೊಳಗೆ ಅಲ್ಲೊಂದು ಇಲ್ಲೊಂದು ಕಡೆ, ನಡು ದಪ್ಪವಾಗಿ ಅಂಚು ತೆಳುವಾಗಿ ಹುದುಗಿಕೊಂಡಿದೆ. ಅದನ್ನು ಹುಡುಕಿಕೊಂಡು ಕೆಳಗಿಳಿಯಬೇಕು. ಶಾಫ್ಟು ತೋಡಬೇಕು, ಕೇಜಿನಲ್ಲಿ ಆಳನ್ನು ಇಳಿಸಬೇಕು, ಗಾಳಿಯ ಒತ್ತಡದ ಡ್ರಿಲ್ಲಿನಿಂದ ತೂತು ಕೊರೆದು ಮದ್ದು ತುಂಬಿ ಸಿಡಿಸಬೇಕು, ಹೊಗೆ ಇಳಿದ ಮೇಲೆ ಕಲ್ಲನ್ನು ಟಬ್ಬುಗಳಿಗೆ ತುಂಬಿ ಮೇಲಕ್ಕೆ ಎಳೆಯಬೇಕು, ಮೆತ್ತಗಿರುವ ಕಡೆ ಮರದ ಆಸರೆ ಕೊಟ್ಟು ಮಾಡು ಕುಸಿಯದಂತೆ ನೋಡಿಕೊಳ್ಳಬೇಕು. ಮೇಲೆ ಬಂದ ಕಲ್ಲಿನಲ್ಲಿ ಕಪ್ಪು ಯಾವುದು, ಹಸಿರು ಯಾವುದು ಎಂದು ಬೇರ್ಪಡಿಸಬೇಕು.

ಈ ಕೆಲಸಗಳು ಒಂದು ಹಳ್ಳಿಗೆ ತರುವ ಬದಲಾವಣೆ ದೊಡ್ಡದು. ರಾಗಿ, ತೆಂಗು ನಂಬಿದ ಊರಿನಲ್ಲಿ ದುಡ್ಡು ಬರುವುದು ಸುಗ್ಗಿಯಲ್ಲಿ, ಇಲ್ಲವೇ ಕೊಬ್ಬರಿ ಮಾರಿದಾಗ. ಗಣಿ ಬಂದರೆ ತಿಂಗಳಿಗೊಮ್ಮೆ ಬರುತ್ತದೆ. ಶಿಫ್ಟು, ಹಾಜರಿ ಪುಸ್ತಕ, ಭವಿಷ್ಯನಿಧಿ, ಬೋನಸ್ಸು ಇವು ಮನೆಯ ಮಾತಿನೊಳಗೆ ಸೇರುತ್ತವೆ. ಅಂಗಡಿಯವನು ಸಾಲ ಕೊಡುವಾಗ ತಿಂಗಳ ಸಂಬಳ ಇದೆಯಲ್ಲ ಎಂದು ಧೈರ್ಯವಾಗಿ ಕೊಡುತ್ತಾನೆ. ಹೆಣ್ಣು ಕೊಡುವವರೂ ಅದನ್ನೇ ಕೇಳುತ್ತಾರೆ. ಮಗನನ್ನು ಚನ್ನರಾಯಪಟ್ಟಣದ ಹಾಸ್ಟೆಲಿಗೆ ಸೇರಿಸುವ ತೀರ್ಮಾನ ಅಂಥ ಮನೆಯಲ್ಲಿ ಸುಲಭವಾಗಿ ಆಗುತ್ತದೆ. ಅರ್ಥಶಾಸ್ತ್ರದಲ್ಲಿ ನಾವು ಉದ್ಯೋಗವನ್ನು ಎಣಿಸುವುದು ತಲೆಯ ಲೆಕ್ಕದಲ್ಲಿ. ಹಳ್ಳಿಯಲ್ಲಿ ಒಂದು ಸಂಬಳದ ಕೆಲಸದ ತೂಕ ಅದಕ್ಕಿಂತ ಬಹಳ ಹೆಚ್ಚು, ಯಾಕೆಂದರೆ ಅದು ಇಡೀ ಮನೆಗೆ ಮುಂದಿನ ವರ್ಷವನ್ನು ಯೋಚಿಸುವ ಅವಕಾಶ ಕೊಡುತ್ತದೆ.

ಗಣಿ ಯಾಕೆ ನಿಂತಿತು? ಇದರಲ್ಲಿ ಖಳನಾಯಕರನ್ನು ಹುಡುಕಬೇಕಾಗಿಲ್ಲ. ಒಡಿಶಾದ ಜಾಜಪುರ ಜಿಲ್ಲೆಯ ಸುಕಿಂದಾ ಕಣಿವೆಯಲ್ಲಿ ದೇಶದ ಕ್ರೋಮೈಟಿನ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ಇದೆ. ಅಲ್ಲಿ ಹೆಚ್ಚಾಗಿ ತೆರೆದ ಗಣಿಗಳಲ್ಲೇ ದೊಡ್ಡ ಯಂತ್ರಗಳಿಂದ ಅಗೆಯುತ್ತಾರೆ. ಇಲ್ಲಿ ಸಣ್ಣ ಸಣ್ಣ ನಿಕ್ಷೇಪಗಳ ಬೆನ್ನುಹತ್ತಿ ಆಳಕ್ಕೆ ಇಳಿಯಬೇಕು. ಪ್ರತಿ ಅಡಿ ಕೆಳಗಿಳಿದಂತೆ ನೀರು ಎತ್ತುವ ಖರ್ಚು, ಗಾಳಿ ಹಾಯಿಸುವ ಖರ್ಚು, ಆಸರೆಯ ಖರ್ಚು ಏರುತ್ತದೆ. ಅದಿರಿನ ಬೆಲೆ ಮಾತ್ರ ಸುಕಿಂದಾದಲ್ಲೂ ಜಗತ್ತಿನ ಮಾರುಕಟ್ಟೆಯಲ್ಲೂ ತೀರ್ಮಾನವಾಗುತ್ತದೆ. ಇಂಥ ಗಣಿ ಒಂದೇ ದಿನ ಮುಚ್ಚುವುದೂ ಅಪರೂಪ. ಮೊದಲು ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲುತ್ತದೆ. ನಿವೃತ್ತರಾದವರ ಜಾಗ ಖಾಲಿ ಉಳಿಯುತ್ತದೆ. ಮೂರು ಶಿಫ್ಟು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಒಂದು ದಿನ ಪಂಪು ನಿಲ್ಲುತ್ತದೆ, ನೀರು ಏರುತ್ತದೆ. ಇತ್ತೀಚಿನ ವರ್ಷಗಳಲ್ಲಿ ದೇಶದ ಕ್ರೋಮೈಟ್ ಉತ್ಪಾದನೆ ಹೆಚ್ಚುಕಡಿಮೆ ಪೂರ್ತಿ ಒಡಿಶಾದ್ದೇ.

ಈಗ ಕೆಲಸ ಹೋದವನ ಕಥೆಯನ್ನು ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಹಿಂಬಾಲಿಸೋಣ.

ಅವನಿಗೆ ಊರಿನಲ್ಲಿ ಎರಡು ಎಕರೆ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಅಣ್ಣ ತಮ್ಮ ಇಬ್ಬರೂ ಮೊದಲೇ ದುಡಿಯುತ್ತಿದ್ದಾರೆ. ಇವನೂ ಹೋಗಿ ಸೇರಿಕೊಳ್ಳುತ್ತಾನೆ. ರಾಗಿ ಹೆಚ್ಚು ಬೆಳೆಯುವುದಿಲ್ಲ, ತೆಂಗಿನಕಾಯಿ ಹೆಚ್ಚು ಬಿಡುವುದಿಲ್ಲ. ಇಬ್ಬರು ಮಾಡುತ್ತಿದ್ದ ಕೆಲಸವನ್ನು ಮೂವರು ಹಂಚಿಕೊಳ್ಳುತ್ತಾರೆ. ಜನಗಣತಿಯವರು ಬಂದು ನಿಮ್ಮ ಕಸುಬೇನು ಎಂದು ಕೇಳಿದರೆ, ‘ಬೇಸಾಯ ಸಾರ್’ ಎನ್ನುತ್ತಾನೆ. ಹಿಂದಿನ ಗಣತಿಯಲ್ಲಿ ‘ಇತರ ಕೆಲಸಗಾರ’ ಎಂಬ ಕಾಲಮ್ಮಿನಲ್ಲಿದ್ದವನು ಈಗ ‘ಸಾಗುವಳಿದಾರ’ ಎಂಬ ಕಾಲಮ್ಮಿಗೆ ಬರುತ್ತಾನೆ. ದೇಶದ ನಿರುದ್ಯೋಗದ ಪ್ರಮಾಣವನ್ನು ಅಳೆಯುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆ 2017ರ ಏಪ್ರಿಲಿನಲ್ಲಿ ಶುರುವಾಯಿತು. ಅದರ ವಾಡಿಕೆಯ ಅಳತೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಮೂವತ್ತು ದಿನ ಪೂರಕವಾಗಿ ದುಡಿದಿದ್ದರೂ ಅವನು ಉದ್ಯೋಗಸ್ಥ. ವಾರದ ಅಳತೆಯಲ್ಲಾದರೆ ಏಳು ದಿನದಲ್ಲಿ ಒಂದು ಗಂಟೆ ದುಡಿದರೂ ಸಾಕು. ಮನೆಯ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಂಡತಿಯೂ ಸ್ವಂತ ಉದ್ಯೋಗದವಳೆಂದೇ ಎಣಿಕೆ. ಈ ಅಳತೆಗಳು ಮೋಸದವಲ್ಲ, ಜಗತ್ತಿನ ಬೇರೆ ದೇಶಗಳಲ್ಲೂ ಇಂಥವೇ ಇವೆ. ಆದರೆ ಅವು ಹುಟ್ಟಿದ್ದು ಕೆಲಸ ಹೋದವನಿಗೆ ಹೊಲವಿಲ್ಲದ ಸಮಾಜಗಳಲ್ಲಿ. ಅಲ್ಲಿ ಕಾರ್ಖಾನೆ ಬಿಟ್ಟವನು ಬೀದಿಯಲ್ಲಿ ನಿಲ್ಲುತ್ತಾನೆ, ಆದ್ದರಿಂದ ಕಣ್ಣಿಗೆ ಕಾಣುತ್ತಾನೆ. ನಮ್ಮಲ್ಲಿ ಹೊಲ ಅವನನ್ನು ಒಳಗೆ ಎಳೆದುಕೊಂಡು ಮರೆಮಾಡುತ್ತದೆ.

2017–18ರಲ್ಲಿ ಶೇ. 6.1 ಇದ್ದ ದೇಶದ ನಿರುದ್ಯೋಗ 2023–24ರಲ್ಲಿ ಶೇ. 3.2ಕ್ಕೆ ಇಳಿಯಿತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಇದೇ ವರ್ಷಗಳಲ್ಲಿ ಬೇಸಾಯದಲ್ಲಿ ತೊಡಗಿದವರ ಪಾಲು ಏರಿತು ಎಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಕೈಗಾರಿಕೆ ಬೆಳೆಯುವ ದೇಶದಲ್ಲಿ ಜನ ಹೊಲ ಬಿಟ್ಟು ಕಾರ್ಖಾನೆಗೆ ಹೋಗಬೇಕು. ಕಾರ್ಖಾನೆ, ಅಂಗಡಿ, ಕಟ್ಟಡದ ಕೆಲಸ ಬಿಟ್ಟು ಹೊಲಕ್ಕೆ ವಾಪಸು ಬಂದವರನ್ನು ಉದ್ಯೋಗಸ್ಥರೆಂದು ಎಣಿಸಿ ಸಮಾಧಾನಪಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಮಾತು: ಆ ಸಮೀಕ್ಷೆಯ ಮಾದರಿ ತಾಲ್ಲೂಕಿನ ಅಂಕಿ ಕೊಡುವಷ್ಟು ದೊಡ್ಡದಲ್ಲ. ಚನ್ನರಾಯಪಟ್ಟಣದಲ್ಲೋ ಅರಕಲಗೂಡಿನಲ್ಲೋ ಎಷ್ಟು ಮಂದಿಗೆ ಕೆಲಸವಿಲ್ಲ ಎಂದು ಅದನ್ನು ಕೇಳಿದರೆ ಉತ್ತರ ಸಿಗುವುದಿಲ್ಲ.

ಹೊಲ ಮರೆಮಾಡಿದ್ದು ಸಾಲದೆಂಬಂತೆ ಬೆಂಗಳೂರೂ ಮರೆಮಾಡುತ್ತದೆ. ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣದ ಪಕ್ಕದಲ್ಲೇ ಹೋಗುತ್ತದೆ. 2017ರ ಮಾರ್ಚಿನಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿಗೆ ರೈಲು ಓಡತೊಡಗಿತು. ನೆಲಮಂಗಲ, ಪೀಣ್ಯದ ಕಡೆ ಸೆಕ್ಯುರಿಟಿ, ಗೋಡೌನು, ಗಾರ್ಮೆಂಟ್ಸ್, ಓಲಾ, ಡೆಲಿವರಿ ಎಂದು ನಮ್ಮ ಹುಡುಗರು ಹೋಗುತ್ತಾರೆ. ಅವರು ಹೋಗುವುದು ತಪ್ಪಲ್ಲ, ಹೋಗಲಿ. ಆದರೆ ಒಂದು ತಾಲ್ಲೂಕಿನಲ್ಲಿ ಕಳೆದ ಕೆಲಸ ಇನ್ನೊಂದು ಜಿಲ್ಲೆಯಲ್ಲಿ ಸಿಕ್ಕಿದರೆ ರಾಜ್ಯದ ಮೊತ್ತದಲ್ಲಿ ಏನೂ ಕಳೆದಂತೆ ಕಾಣುವುದಿಲ್ಲ. ಊರಿನ ಕಡೆಯಿಂದ ನೋಡಿದರೆ ಆ ಸಂಬಳದ ದೊಡ್ಡ ಪಾಲು ಬೆಂಗಳೂರಿನ ಬಾಡಿಗೆಗೇ ಹೋಗಿ, ತಂದೆತಾಯಿಗೆ ಬರುವುದು ಹಬ್ಬದ ಹೊತ್ತಿನ ಚೂರುಪಾರು. 2020ರ ಮಾರ್ಚ್ ಕೊನೆಯ ಲಾಕ್‌ಡೌನಿನಲ್ಲಿ ಅದೇ ಹುಡುಗರು ಊರಿಗೆ ಬಂದಿಳಿದಾಗ ಮಾತ್ರ ಎಷ್ಟು ಮಂದಿ ಹೊರಗಿದ್ದರು ಎಂಬುದು ಪಂಚಾಯಿತಿಗಳಿಗೆ ತಿಳಿಯಿತು. ಆಗ ಅವರಿಗೆ ಊರಿನಲ್ಲಿ ಸಿಕ್ಕಿದ್ದು ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತುವ ಕೆಲಸ.

ಕೋಲಾರದ ಚಿನ್ನದ ಗಣಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಪಡೆದದ್ದು, 1956ರಲ್ಲಿ ಮೈಸೂರು ಸರ್ಕಾರದ್ದು, 1962ರಲ್ಲಿ ಕೇಂದ್ರದ್ದು, 1972ರಿಂದ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿನ ಕಾರ್ಮಿಕರಿಗೆ ಹಿಂದಿರುಗಲು ಹೊಲವಿರಲಿಲ್ಲ. ತಲೆಮಾರುಗಳ ಹಿಂದೆ ತಮಿಳು ಸೀಮೆಯಿಂದ, ಆಂಧ್ರದ ಕಡೆಯಿಂದ ಬಂದು ಗಣಿಯ ಲೈನುಗಳಲ್ಲಿ ಹುಟ್ಟಿ ಬೆಳೆದವರು. ಆದ್ದರಿಂದಲೇ ಅವರು ಕಂಡರು. ಸಂಘಗಳಿದ್ದವು, ನ್ಯಾಯಾಲಯದಲ್ಲಿ ದಾವೆಗಳಾದವು, ಪತ್ರಿಕೆಗಳು ಬರೆದವು, ಸಿನಿಮಾಗಳಿಗೂ ಆ ಗಣಿಯ ಹೆಸರು ಬಂತು. ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವ ಸಾವಿರಾರು ಮಂದಿ ಇವತ್ತಿಗೂ ಅಲ್ಲಿದ್ದಾರೆ. ಆ ಸಂಕಟದ ಮುಂದೆ ನಮ್ಮದು ಸಣ್ಣದು ಎಂದು ಒಪ್ಪಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ಕುದುರೆಮುಖದಲ್ಲೂ ಹಾಗೆಯೇ: ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅದಿರು ತೆಗೆಯುವುದು ನಿಂತಿತು, ಒಂದು ಪಟ್ಟಣವೇ ಖಾಲಿಯಾಯಿತು, ದೇಶ ನೋಡಿತು. ದೊಡ್ಡದಾಗಿ ಒಂದೇ ದಿನ ಮುರಿದುಬಿದ್ದದ್ದು ಕಾಣುತ್ತದೆ. ಐದು ಊರುಗಳಲ್ಲಿ ಇಪ್ಪತ್ತು ವರ್ಷದಲ್ಲಿ ಸವೆದದ್ದು ಕಾಣುವುದಿಲ್ಲ. ನಮ್ಮ ರಾಜ್ಯದಲ್ಲಿ ಎರಡನೆಯದರ ಮೊತ್ತವೇ ಹೆಚ್ಚಿರಬೇಕು ಎಂದು ನನ್ನ ಅನುಮಾನ.

ಕೆಲಸ ಹೋಗುವುದಕ್ಕೆ ಏನೂ ಮುಚ್ಚಲೇಬೇಕೆಂದಿಲ್ಲ. ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳನ್ನು ನೆನೆಸಿಕೊಳ್ಳಿ. ಸಾಲಾಗಿ ಕುಳಿತ ಹೆಂಗಸರು ಕಾಫಿ ಬೀಜವನ್ನು ಹರಡಿಕೊಂಡು ಕಪ್ಪಾದದ್ದು, ಒಡೆದದ್ದು, ಹುಳು ಕೊರೆದದ್ದನ್ನು ಬೆರಳಿನಲ್ಲಿ ಆರಿಸುತ್ತಿದ್ದರು. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ಮಾರಾಟ ಪದ್ಧತಿ ಹೋಗಿ ಮುಕ್ತ ಮಾರುಕಟ್ಟೆ ಬಂತು. ಜೊತೆಗೇ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರಗಳು ಬಂದವು. ಕಾಫಿ ರಫ್ತು ಏರಿತು, ವರ್ಕ್ಸ್‌ಗಳು ನಡೆದೇ ಇವೆ, ಕೈಯಲ್ಲಿ ಆರಿಸುವವರು ಮಾತ್ರ ಕಡಿಮೆಯಾದರು. ಹಂಗಾಮಿನ ಕೂಲಿಗೆ ಬರುತ್ತಿದ್ದವರನ್ನು ಮುಂದಿನ ಹಂಗಾಮಿಗೆ ಕರೆಯದಿದ್ದರೆ ಆಯಿತು. ಅದಕ್ಕೆ ನೋಟಿಸು ಬೇಕಿಲ್ಲ.

ಇನ್ನೂ ಹತ್ತಿರದ್ದು ನಮ್ಮ ತೆಂಗು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಉದ್ಯೋಗದ ವಿಷಯವೆಂದು ಯಾರೂ ನೋಡುವುದಿಲ್ಲ. ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದ ಉಂಡೆ ಕೊಬ್ಬರಿ ಎಂದರೆ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಗಂಡಸರು ಮಟ್ಟೆ ಸುಲಿಯುತ್ತಾರೆ. ಹೆಂಗಸರು ಕೂತು ಚಿಪ್ಪನ್ನು ಸುತ್ತಲೂ ತಟ್ಟಿ ಬಿಡಿಸಿ, ಒಳಗಿನ ಉಂಡೆ ಒಡೆಯದಂತೆ ತೆಗೆಯುತ್ತಾರೆ. ಒಡೆದರೆ ಅದು ಹೋಳು, ಬೆಲೆ ಬೀಳುತ್ತದೆ. ಆದ್ದರಿಂದ ಪಳಗಿದ ಕೈಗೆ ಬೆಲೆಯಿದೆ, ಸಾವಿರ ಕಾಯಿಗೆ ಇಷ್ಟು ಎಂದು ಕೂಲಿ. ಮಟ್ಟೆ ನಾರಿನ ಗಿರಣಿಗೆ ಹೋಗುತ್ತದೆ, ಅಲ್ಲಿ ನಾರು ಬಿಡಿಸುವ, ಒಣಗಿಸುವ, ಹುರಿ ಹೊಸೆಯುವ ಕೆಲಸ. ಚಿಪ್ಪು ಇದ್ದಿಲಿಗೆ ಹೋಗುತ್ತದೆ. ಒಂದು ಕಾಯಿಯ ಹಿಂದೆ ನಾಲ್ಕೈದು ಕೈ ಕೆಲಸ ಮಾಡುತ್ತವೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ರೈತರು ನಾಫೆಡ್ ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತದ್ದು ನಿಮಗೆ ನೆನಪಿದೆ. ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕಾಯುವುದಕ್ಕಿಂತ ಎಳನೀರಾಗಿ ತೋಟದಲ್ಲೇ ಮಾರಿದರೆ ಕೈಗೆ ದುಡ್ಡು ಎಂದು ಬಹಳ ಮಂದಿ ಯೋಚಿಸಿದರು. ರೈತನ ದೃಷ್ಟಿಯಿಂದ ಆ ಲೆಕ್ಕ ಸರಿ. ನುಸಿ, ಬಿಳಿನೊಣ, ಕಾಂಡ ಸೋರುವ ರೋಗದಿಂದ ಇಳುವರಿ ಇಳಿದಿರುವಾಗ ಅವನಿಗೆ ಬೇರೆ ದಾರಿಯೂ ಕಡಿಮೆ. ಆದರೆ ಎಳನೀರಾಗಿ ಲಾರಿ ಹತ್ತಿದ ಕಾಯಿಗೆ ಇಲ್ಲಿ ಸುಲಿಯುವವನಿಲ್ಲ, ಚಿಪ್ಪು ಬಿಡಿಸುವವಳಿಲ್ಲ, ಗಿರಣಿಗೆ ಒಣ ಮಟ್ಟೆಯಿಲ್ಲ. ಕೊಬ್ಬರಿ ಬೆಲೆ ಬಿದ್ದಾಗ ರೈತನ ನಷ್ಟವನ್ನು ಶಾಸನಸಭೆಯಲ್ಲಿ ಕೇಳುವವರಿದ್ದಾರೆ. ಬೆಲೆ ಏರಿದಾಗ ಸಂತೋಷಪಡುವವರೂ ಇದ್ದಾರೆ. ಚಿಪ್ಪು ಬಿಡಿಸುವ ಹೆಂಗಸಿಗೆ ಈ ವರ್ಷ ಎಷ್ಟು ದಿನದ ಕೂಲಿ ತಪ್ಪಿತು ಎಂದು ಕೇಳುವ ಇಲಾಖೆ ಯಾವುದು? ನನಗೆ ತಿಳಿದಮಟ್ಟಿಗೆ ಯಾವುದೂ ಅಲ್ಲ.

ಆಸ್ಟ್ರಿಯಾ ದೇಶದ ಒಂದು ಹಳ್ಳಿಯ ಕಥೆಯನ್ನು ಇಲ್ಲಿ ಹೇಳಬೇಕು. ವಿಯೆನ್ನಾ ನಗರದ ಹತ್ತಿರದ ಮಾರಿಯಂಟಾಲ್ ಎಂಬ ಊರು ಒಂದೇ ಒಂದು ಬಟ್ಟೆ ಕಾರ್ಖಾನೆಯನ್ನು ನಂಬಿತ್ತು. 1929ರ ಆರ್ಥಿಕ ಕುಸಿತದ ಹೊತ್ತಿಗೆ ಅದು ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತವರ ಜೊತೆಗಾರರು ಅಲ್ಲಿಗೆ ಹೋಗಿ, ಜನರ ನಡುವೆ ಇದ್ದು, 1933ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಬರೀ ಎಷ್ಟು ಮಂದಿಗೆ ಕೆಲಸವಿಲ್ಲ ಎಂದು ಎಣಿಸಿ ಬರಲಿಲ್ಲ. ಊರಿನ ಗ್ರಂಥಾಲಯದಿಂದ ಎಷ್ಟು ಪುಸ್ತಕ ಎರವಲು ಹೋಗುತ್ತಿದೆ ಎಂದು ನೋಡಿದರು. ಓದಲು ಬಿಡುವು ಹೆಚ್ಚಿದಾಗ ಓದು ಹೆಚ್ಚಬೇಕಿತ್ತು, ಅದು ಅರ್ಧದಷ್ಟು ಇಳಿದಿತ್ತು. ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಎಂದು ಕಿಟಕಿಯಿಂದ ಗಡಿಯಾರ ಹಿಡಿದು ಅಳೆದರು. ಗಂಡಸರು ನಿಧಾನವಾಗಿದ್ದರು, ಮತ್ತೆಮತ್ತೆ ನಿಲ್ಲುತ್ತಿದ್ದರು. ಹೆಂಗಸರು ಅಷ್ಟಾಗಿ ನಿಲ್ಲುತ್ತಿರಲಿಲ್ಲ, ಅವರಿಗೆ ಮನೆಯ ಕೆಲಸ ಹೋಗಿರಲಿಲ್ಲವಲ್ಲ. ತೊಂಬತ್ತು ವರ್ಷ ದಾಟಿದರೂ ಆ ಪುಸ್ತಕವನ್ನು ಓದುತ್ತಿರುವುದಕ್ಕೆ ಕಾರಣ, ಅವರು ಒಂದು ಊರನ್ನು ಪೂರ್ತಿಯಾಗಿ ನೋಡಿದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಉದ್ಯೋಗದ ಮೇಲೆ ಪ್ರಬಂಧಗಳು ಬರುತ್ತಲೇ ಇವೆ. ಆ ರೀತಿ ಒಂದು ಊರಿನಲ್ಲಿ ಕೂತು ಬರೆದದ್ದು ಬಹಳ ಕಡಿಮೆ.

ಕಾನೂನು ಏನು ಹೇಳುತ್ತದೆ? ಕೈಗಾರಿಕಾ ವಿವಾದ ಕಾಯ್ದೆ 1947ರದ್ದು. ಅದರ ಪ್ರಕಾರ ಕೆಲಸದಿಂದ ತೆಗೆದರೆ ಪ್ರತಿ ಪೂರ್ಣ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ ಪರಿಹಾರವಿತ್ತು. 1976ರಲ್ಲಿ ಸೇರಿಸಿದ ಅಧ್ಯಾಯದಂತೆ ದೊಡ್ಡ ಕಾರ್ಖಾನೆ, ಗಣಿ, ತೋಟಗಳನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕು. ಅದರ ಮಿತಿ ಮೊದಲು 300 ಕಾರ್ಮಿಕರು, ಆಮೇಲೆ 100, ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮತ್ತೆ 300. ತೆಗೆದುಹಾಕಿದ ಕಾರ್ಮಿಕನ ಮರುಕೌಶಲ್ಯಕ್ಕೆ ಮಾಲೀಕ ಹದಿನೈದು ದಿನದ ಸಂಬಳ ಕಟ್ಟುವ ನಿಧಿಯೊಂದು ಹೊಸ ಸಂಹಿತೆಯಲ್ಲಿದೆ, ಅದು ಒಳ್ಳೆಯದೇ. ಆದರೆ ಇದೆಲ್ಲ ಯಾರಿಗೆ? ಹಾಜರಿ ಪುಸ್ತಕದಲ್ಲಿ ಹೆಸರಿರುವವನಿಗೆ. ಗುತ್ತಿಗೆದಾರನ ಕಡೆಯಿಂದ ಬಂದು ಕಲ್ಲು ತುಂಬಿದವನಿಗೆ, ಲಾರಿಯ ಕ್ಲೀನರಿಗೆ, ಗಣಿಯ ಗೇಟಿನ ಮುಂದೆ ಟೀ ಅಂಗಡಿ ಇಟ್ಟವಳಿಗೆ ಅಲ್ಲ. ಇ.ಎಸ್.ಐ. ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಬಂತು, ಕೆಲಸ ಕಳೆದ ವಿಮಾದಾರನಿಗೆ ಗರಿಷ್ಠ 90 ದಿನ ಭತ್ಯೆ. ಅದೂ ವಿಮೆ ಇದ್ದವನಿಗೆ. ನಮ್ಮ ರಾಜ್ಯದ ಯುವನಿಧಿ ಪದವಿ ಮುಗಿಸಿ ಆರು ತಿಂಗಳು ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ಕೊಡುತ್ತದೆ. ಕೆಲಸ ಸಿಗದವರಿಗೆ ಒಂದು ಯೋಜನೆ ಇದೆ, ಇದ್ದ ಕೆಲಸ ಹೋದ ನಲವತ್ತೈದು ವರ್ಷದವನಿಗೆ ಇಲ್ಲ. ಅವನಿಗೆ ಹೊಸ ಕೆಲಸ ಕಲಿಯುವ ವಯಸ್ಸು ಕಳೆದಿರುತ್ತದೆ, ಪಿಂಚಣಿಯ ವಯಸ್ಸು ಬಂದಿರುವುದಿಲ್ಲ, ಮಕ್ಕಳ ಓದು ಮುಗಿದಿರುವುದಿಲ್ಲ.

ಪ್ರದೇಶಗಳ ಲೆಕ್ಕಕ್ಕೆ ಬಂದರೆ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯನ್ನು ಗೌರವದಿಂದ ನೆನೆಯಬೇಕು. 2002ರಲ್ಲಿ ಅದು 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿತು. ಉತ್ತರ ಕರ್ನಾಟಕಕ್ಕೆ ನ್ಯಾಯ ಕೇಳುವವರಿಗೆ ಇವತ್ತಿಗೂ ಅದೇ ಆಧಾರ. ಆದರೆ ಆ ಅಳತೆ ಒಂದು ತಾಲ್ಲೂಕಿನಲ್ಲಿ ಏನಿದೆ, ಏನಿಲ್ಲ ಎಂದು ನೋಡುತ್ತದೆ. ಇದ್ದು ಹೋದದ್ದನ್ನು ನೋಡುವ ಸೂಚಕ ಅದರಲ್ಲಿಲ್ಲ. ಎಂದೂ ಕಾರ್ಖಾನೆ ಕಾಣದ ತಾಲ್ಲೂಕು, ಇದ್ದ ಕಾರ್ಖಾನೆ ಕಳೆದುಕೊಂಡ ತಾಲ್ಲೂಕು ಎರಡೂ ಅಲ್ಲಿ ಒಂದೇ. ಎರಡರ ಗಾಯ ಬೇರೆ, ಔಷಧಿಯೂ ಬೇರೆ.

ಗಣಿಯ ವಿಷಯದಲ್ಲಿ ಕಾನೂನು ಒಂದು ಹೆಜ್ಜೆ ಮುಂದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2003ರಿಂದ ಪ್ರತಿ ಗಣಿಯವರೂ ಮುಚ್ಚುವ ಯೋಜನೆಯನ್ನು ಮೊದಲೇ ಕೊಡಬೇಕು, ಅದಕ್ಕೆ ಹಣಕಾಸಿನ ಭದ್ರತೆ ಇಡಬೇಕು. ಆ ಯೋಜನೆಯ ನಮೂನೆಯಲ್ಲಿ ಗಣಿ ಮುಚ್ಚಿದರೆ ಆಗುವ ಆರ್ಥಿಕ ಪರಿಣಾಮ, ಕೆಲಸ ಕಳೆದುಕೊಳ್ಳುವವರ ಸಂಖ್ಯೆ, ಪರಿಹಾರ ಇವಕ್ಕೆ ಒಂದು ಅಧ್ಯಾಯವೇ ಇದೆ. ಆದರೆ ಭದ್ರತೆಯ ಹಣ ಗಣಿಯ ಹೆಕ್ಟೇರಿನ ಲೆಕ್ಕದಲ್ಲಿ, ದುಡಿಯುವವರ ತಲೆಯ ಲೆಕ್ಕದಲ್ಲಲ್ಲ. ನೆಲವನ್ನು ಸರಿಮಾಡುವುದು ಹೊಣೆ, ಮನೆಗಳನ್ನು ಸರಿಮಾಡುವುದು ಅಧ್ಯಾಯ. ನೆಲವಾದರೂ ಸರಿಹೋಗಿದೆಯೇ ಎಂದರೆ, ಈ ಪಟ್ಟಿಯ ಪಾಳುಬಿದ್ದ ಗಣಿಗಳ ಸುತ್ತಲ ಮಣ್ಣು, ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳು ಕ್ರೋಮಿಯಂ, ನಿಕ್ಕಲ್ ಹೆಚ್ಚಿರುವುದನ್ನು ದಾಖಲಿಸಿದ್ದಾರೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕವಿದೆ. ರಾಶಿ ಬಿದ್ದಿರುವ ಗಣಿಮಣ್ಣನ್ನು ಸರಿಮಾಡುವ ಕೆಲಸ ಯಾರಾದರೂ ಮಾಡಲೇಬೇಕಾದದ್ದು. ಆ ಕೆಲಸವನ್ನು ಆ ಊರಿನವರಿಗೇ ಕೂಲಿ ಕೊಟ್ಟು, ಆರೋಗ್ಯದ ರಕ್ಷಣೆ ಕೊಟ್ಟು ಮಾಡಿಸಬಾರದೇಕೆ?

ಹಣ ಎಲ್ಲಿಂದ ಎಂದು ಕೇಳುತ್ತಾರೆ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿ ನಡೆಸುವವರು ರಾಜಧನದ ಜೊತೆಗೆ ಅದರ ಶೇ. 10 ಇಲ್ಲವೇ ಶೇ. 30ರಷ್ಟನ್ನು ಅದಕ್ಕೆ ಕಟ್ಟುತ್ತಾರೆ. ಬಳ್ಳಾರಿಯಂಥ ಜಿಲ್ಲೆಯಲ್ಲಿ ಕೋಟಿಗಟ್ಟಲೆ ಸೇರುತ್ತದೆ. ಗಣಿ ನಡೆಯುತ್ತಿರುವ ಕಡೆ ಹಣ, ನಿಂತುಹೋದ ಕಡೆ ಇಲ್ಲ. ಹಳೆಯ ಗಣಿಸೀಮೆಗಳಿಗೆಂದು ರಾಜ್ಯಮಟ್ಟದಲ್ಲಿ ಅದರ ಒಂದು ಸಣ್ಣ ಪಾಲನ್ನು ಎತ್ತಿಡುವುದಕ್ಕೆ ಕಾನೂನು ಬದಲಾಗಬೇಕಾಗಬಹುದು, ಆಗಲಿ. ಜರ್ಮನಿಯ ರೂರ್ ಸೀಮೆಯಲ್ಲಿ 2007ರಲ್ಲಿ ಕಲ್ಲಿದ್ದಲಿನ ಸಹಾಯಧನ 2018ಕ್ಕೆ ನಿಲ್ಲುತ್ತದೆಂದು ತೀರ್ಮಾನಿಸಿ, ಯಾರನ್ನೂ ಬಲವಂತವಾಗಿ ತೆಗೆಯದೆ, ವಯಸ್ಸಾದವರಿಗೆ ಮುಂಚಿತ ನಿವೃತ್ತಿಯ ಭತ್ಯೆ ಕೊಟ್ಟು, ಉಳಿದವರನ್ನು ಬೇರೆ ಕೆಲಸಕ್ಕೆ ಸಾಗಿಸಿ, 2018ರ ಡಿಸೆಂಬರಿನಲ್ಲಿ ಬೊಟ್ರೊಪ್ ಪಟ್ಟಣದ ಕೊನೆಯ ಗಣಿಯನ್ನು ಮುಚ್ಚಿದರು. ಅವರು ಶ್ರೀಮಂತರು, ನಿಜ. ಅವರಿಂದ ತೆಗೆದುಕೊಳ್ಳಬೇಕಾದದ್ದು ಹನ್ನೊಂದು ವರ್ಷ ಮುಂಚಿತವಾಗಿ ಹೇಳುವ ಪದ್ಧತಿಯನ್ನು. ಅದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ.

ಇದು ಹಳೆಯ ಕಥೆಯಷ್ಟೇ ಅಲ್ಲ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಈಗ ಬಟ್ಟೆ ಕಾರ್ಖಾನೆಗಳಿವೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತಾರೆ. ಅಲ್ಲಿ ಹೊಲಿದ ಹಾಸಿಗೆ ಬಟ್ಟೆ ಅಮೆರಿಕದ ಅಂಗಡಿಗಳಿಗೆ ಹೋಗುತ್ತದೆ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇ. 50 ಸುಂಕ ಹಾಕಿದಾಗ ಅದರ ಬಿಸಿ ತಟ್ಟುವುದು ಇಂಥ ಕಡೆಗೇ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರು, ಅದನ್ನು ಬೇಯಿಸುವ ಬ್ಯಾರನ್ನಿನ ಕೂಲಿಯವರು ನಂಬಿರುವುದೂ ಒಂದೇ ಸರಕನ್ನು, ರಾಮನಾಥಪುರದ ಹರಾಜನ್ನು. ಒಂದೇ ಸರಕು, ಒಂದೇ ಮಾರುಕಟ್ಟೆ ಎಂಬ ಸ್ಥಿತಿಯಿಂದ ಏನಾಗುತ್ತದೆಂದು ಭೈರಾಪುರದವರಿಗೆ ಗೊತ್ತಿದೆ. ಅದನ್ನು ಉಳಿದ ತಾಲ್ಲೂಕುಗಳಿಗೆ ತಿಳಿಸುವ ದಾಖಲೆಯೇ ನಮ್ಮಲ್ಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಮೊದಲನೆಯದಾಗಿ ದಾಖಲೆಯದು. ಪ್ರತಿ ತಾಲ್ಲೂಕು ಪಂಚಾಯಿತಿಯಲ್ಲಿ ಒಂದು ಪುಸ್ತಕವಿರಲಿ. ಹತ್ತು ಮಂದಿಗಿಂತ ಹೆಚ್ಚು ಜನರಿಗೆ ಕೆಲಸ ಕೊಡುತ್ತಿದ್ದ ಗಣಿ, ಗಿರಣಿ, ಕಾರ್ಖಾನೆ, ಕ್ಯೂರಿಂಗ್ ವರ್ಕ್ಸ್ ನಿಂತರೆ, ಇಲ್ಲವೇ ಅರ್ಧಕ್ಕರ್ಧ ಜನರನ್ನು ಇಳಿಸಿದರೆ, ತಿಂಗಳೊಳಗೆ ಅಲ್ಲಿ ಬರೆಯಬೇಕು. ಎಷ್ಟು ಗಂಡಸರು, ಎಷ್ಟು ಹೆಂಗಸರು, ಎಷ್ಟು ಖಾಯಂ, ಎಷ್ಟು ಗುತ್ತಿಗೆ, ಯಾವ ಯಾವ ಊರಿನವರು. ವರ್ಷ ಕಳೆದ ಮೇಲೆ ಅವರು ಏನು ಮಾಡುತ್ತಿದ್ದಾರೆಂದು ಮತ್ತೆ ಕೇಳಿ ಬರೆಯಬೇಕು. ಜಾನುವಾರು ಗಣತಿ ಮಾಡುವ ರಾಜ್ಯಕ್ಕೆ ಇದು ಕಷ್ಟವಲ್ಲ. ಸರ್ಕಾರ ಮಾಡುವವರೆಗೆ ಕಾಯುವುದೂ ಬೇಡ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇದು. ಇಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಮೇಲೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಉಳಿದಿದೆ, ಸುಮಾರು ಎಂಟುನೂರು ವರ್ಷದ ಹಿಂದೆ ಈ ಊರಲ್ಲಿ ಯಾರು ಕಲ್ಲು ಕಡೆದರು ಎಂಬುದು ನಮಗೆ ಗೊತ್ತು. ನಿಮ್ಮ ತಾತನ ಕಾಲದಲ್ಲಿ ನೆಲದಡಿಗೆ ಇಳಿದು ಕಲ್ಲು ತೆಗೆದವರ ಹೆಸರುಗಳನ್ನು ಬರೆದುಕೊಳ್ಳಿ. ಬರುವ ಬೇಸಿಗೆ ರಜೆಯಲ್ಲಿ ಭೈರಾಪುರ, ಜಂಬೂರು, ತಗಡೂರು, ಭಕ್ತರಹಳ್ಳಿಗೆ ಇಬ್ಬಿಬ್ಬರಾಗಿ ಹೋಗಿ. ಅಲ್ಲಿ ಉಳಿದಿರುವ ಹಿರಿಯರನ್ನು ಅಜ್ಜ, ಅಜ್ಜಿ ಎಂದು ಮಾತನಾಡಿಸಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಯಾವ ವರ್ಷ ಸೇರಿದರು, ಯಾವ ಕೆಲಸ, ಮೊದಲ ಸಂಬಳ ಎಷ್ಟು, ಯಾವಾಗ ಬಿಟ್ಟರು, ಕೈಗೆ ಏನು ಬಂತು, ಆಮೇಲೆ ಏನು ಮಾಡಿದರು, ಮಕ್ಕಳು ಎಲ್ಲಿದ್ದಾರೆ, ಉಸಿರಾಟದ ತೊಂದರೆ ಇದೆಯೇ, ಬಾವಿಯ ನೀರು ಕುಡಿಯುತ್ತಾರೆಯೇ. ಹೆಂಗಸರನ್ನು ಬೇರೆಯಾಗಿ ಕೇಳಿ. ಗಂಡನ ಸಂಬಳ ನಿಂತ ವರ್ಷ ಮನೆಯನ್ನು ಯಾರು ನಡೆಸಿದರು ಎಂಬ ಪ್ರಶ್ನೆಗೆ ಉತ್ತರ ಅವರ ಹತ್ತಿರವೇ ಇರುತ್ತದೆ. ಬರೆದದ್ದನ್ನು ಕಾಲೇಜಿನ ಗ್ರಂಥಾಲಯದಲ್ಲಿ ಇಡಿ, ಒಂದು ಪ್ರತಿ ತಾಲ್ಲೂಕು ಪಂಚಾಯಿತಿಗೆ ಕೊಡಿ. 2027ಕ್ಕೆ ಜನಗಣತಿಯವರು ಬರುತ್ತಾರೆ. ಅದರೊಳಗೆ ಮುಗಿಸಿದರೆ ಅವರ ಅಂಕಿಯನ್ನು ನಿಮ್ಮ ಪುಸ್ತಕದ ಪಕ್ಕದಲ್ಲಿಟ್ಟು ನೋಡಬಹುದು.